ಬಸಿದ ನೀರು

ನಮ್ಮವ್ವನ ಲೆಕ್ಕದಲ್ಲಿ ಭೂಮಿ ಮೇಲಿನ ತಿನ್ನೋ ಪದಾರ್ಥವೆಲ್ಲ ಎರಡೇ ಜಾತಿ. ಒಂದು ನಮ್ಮದು, ಇನ್ನೊಂದು ಸೀಮೇದು. ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು, ಬದನೆ ನಮ್ಮವು. ಕೋಸು, ಆಲೂಗೆಡ್ಡೆ, ಬೀಟ್‌ರೂಟು ಸೀಮೇವು. ನಮ್ಮ ಕಡೆ ಗೂದೆಹಣ್ಣು ಅಂತ ಕರೆಯುತ್ತಿದ್ದ ಟೊಮೇಟೋವನ್ನಂತೂ ಅವಳು ಹೊಸಲು ದಾಟಿಸುತ್ತಿರಲಿಲ್ಲ. ಕೊಯ್ದರೆ ಒಳಗೆ ಮಾಂಸದ ಹಾಗೆ ಕಾಣುತ್ತದೆ, ಲಿಂಗ ಕಟ್ಟಿದವರ ಮನೆಗೆ ಅದು ಬರಕೂಡದು ಅನ್ನೋಳು. ಸಂತೆಮರಹಳ್ಳಿ ಸಂತೆಯಲ್ಲಿ ಯಾರಾದರೂ ಗೂದೆಹಣ್ಣನ್ನು ಅವಳ ಬುಟ್ಟಿ ಪಕ್ಕ ಸುರಿದರೆ ಸೆರಗು ಎತ್ತಿಕೊಂಡು ಆಚೆ ಸರಿಯೋಳು.

ಮೆಣಸಿನಕಾಯಿ ಮಾತ್ರ ದಿನಾ ಹಿಡಿತುಂಬ ಬೇಕು. ಗುಂಡ್ಲುಪೇಟೆಯಲ್ಲಿ ಕರಿಮೆಣಸಿನ ವ್ಯಾಪಾರದ ಒಬ್ಬ ಮುದುಕ ನನಗೆ ಹೇಳಿದ್ದ, ನಮ್ಮ ಮುತ್ತಜ್ಜಂದಿರ ಕಾಲಕ್ಕೂ ಹಿಂದೆ ಈ ದೇಶದಲ್ಲಿ ಖಾರ ಅಂದರೆ ಕರಿಮೆಣಸು ಒಂದೇ, ಕೆಂಪು ಕಾಯಿ ಪರಂಗಿಯವರ ಹಡಗಿನಲ್ಲಿ ಬಂದದ್ದು ಅಂತ. ಅದನ್ನು ಬಂದು ಅವ್ವನಿಗೆ ಹೇಳಿದೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವನು ನನಗೆ ಪಾಠ ಹೇಳ್ತೀಯಾ, ಗಾಡಿ ಹೊಡಿ ಹೋಗು ಅಂದಳು. ಈಗ ಓದಿದವರು ಹೇಳುತ್ತಾರೆ, ರಾಗಿಯೂ ಎಷ್ಟೋ ಸಾವಿರ ವರ್ಷದ ಹಿಂದೆ ಆಫ್ರಿಕದ ಕಡೆಯಿಂದ ಬಂದದ್ದಂತೆ. ಇದು ನನಗೆ ತಿಳಿದದ್ದು ಅವ್ವ ಸತ್ತು ಬಹಳ ಕಾಲದ ಮೇಲೆ. ಬದುಕಿದ್ದಾಗ ಹೇಳಿದ್ದರೆ ನನಗೆ ಉಣ್ಣಕ್ಕಿಕ್ಕುತ್ತಿರಲಿಲ್ಲ.

ಸ್ಲೇಟು ಬಿಸಾಕಿದ್ದು ನಿಜ. ಮೇಷ್ಟರು ಕಾರಣವಿಲ್ಲದೆ ಕೈಮೇಲೆ ಹೊಡೆದರು, ನಾನು ಎದ್ದು ಬಂದೆ, ಮತ್ತೆ ಆ ಕಡೆ ತಲೆಹಾಕಲಿಲ್ಲ. ಅದಕ್ಕೆ ವ್ಯಥೆಪಟ್ಟವನಲ್ಲ. ಮೀಸೆ ಬರುವ ಹೊತ್ತಿಗೆ ನಮ್ಮ ಮನೆಯ ಜೋಡೆತ್ತಿನ ಗಾಡಿ ನನ್ನ ಕೈಯಲ್ಲಿತ್ತು. ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ, ಅಲ್ಲಿಂದ ಮದ್ದೂರು ಕಾಡು ಹಾಯ್ದು ವಯನಾಡಿನ ಸುಲ್ತಾನ್ ಬತ್ತೇರಿ. ಆನೆ ಅಡ್ಡ ನಿಂತ ದಾರಿಯಲ್ಲೂ ನನ್ನ ಎತ್ತು ಬೆದರಿದ್ದಿಲ್ಲ. ನನ್ನ ಗಾಡಿಯ ಗಾಲಿ ಹಿಡಿದಿಡೋ ಕಡಾಣಿ ನಡುದಾರಿಯಲ್ಲಿ ಕಳಚಿದ್ದನ್ನು ನೋಡಿದೆ ಅನ್ನೋ ಮನುಷ್ಯ ಇನ್ನೂ ಹುಟ್ಟಿಲ್ಲ.

ನಮ್ಮದು ಸಂತೆಮರಹಳ್ಳಿಗೆ ಸಮೀಪದ ಊರು. ಊರಿಗೆ ದೊಡ್ಡ ಮನೆ. ಅಪ್ಪ, ಅವ್ವ, ಅಣ್ಣ, ಅತ್ತಿಗೆ, ನಾನು. ಅತ್ತಿಗೆಯನ್ನು ಭೀಮನಬೀಡಿನಿಂದ ತಂದಿದ್ದರು. ಅವಳ ಅಪ್ಪನೂ ನಮ್ಮ ಮತದವನೇ, ಹೊಲಗದ್ದೆ ಇದ್ದವನೇ. ಆದರೆ ಆ ಕಡೆ ಜನಕ್ಕೆ ವಯನಾಡಿನ ಒಡನಾಟ ಹೆಚ್ಚು. ಬಂದ ಹೊಸದರಲ್ಲಿ ಅತ್ತಿಗೆ ಬಾಯಿತಪ್ಪಿ, ನಮ್ಮಪ್ಪನ ಮನೇಲಿ ಮರಗೆಣಸು ಬೇಯಿಸ್ಕೊಂಡು ತಿಂತಿದ್ದೊ, ಚೆನ್ನಾಗಿರ್ತದೆ ಅಂದುಬಿಟ್ಟಳು. ಅಷ್ಟೇ ಸಾಕಾಯಿತು. ಅವತ್ತಿನಿಂದ ಅವ್ವನ ಬಾಯಲ್ಲಿ ಅವಳು ಗೆಣಸಿನೋಳು. ‘ಗೆಣಸಿನೋಳೇ, ಕಸ ಗುಡಿಸು.’ ‘ಗೆಣಸಿನೋಳೇ, ನೀರು ತತ್ತಾ.’ ನೆಂಟರ ಮುಂದೆಯೂ ಹಾಗೇ. ನೆಂಟರು ನಗೋರು, ಅಣ್ಣನೂ ನಗೋನು.

ಮರಗೆಣಸು ಅವ್ವನ ಪ್ರಕಾರ ಸೀಮೆಯದಕ್ಕಿಂತಲೂ ಕೀಳು. ಅದೂ ಹಡಗು ಹತ್ತಿ ಬಂದದ್ದೇ. ತಿರುವಾಂಕೂರಿನ ಕಡೆ ಅಕ್ಕಿ ಸಿಕ್ಕದ ಕಾಲದಲ್ಲಿ ಅಲ್ಲಿನ ದೊರೆ ಜನಕ್ಕೆ ತಿನ್ನಲು ಕಲಿಸಿದ ಅಂತ ಕತೆ. ಆಮೇಲೆ ಆ ಜನ ನೆಲ ಹುಡುಕಿಕೊಂಡು ವಯನಾಡು ಹತ್ತಿ, ಕಾಡು ಕಡಿದು, ಮೊದಲು ನೆಟ್ಟದ್ದೇ ಈ ಗೆಣಸಿನ ಕಡ್ಡಿ. ನಾನು ಗಾಡಿ ಹೊಡೆಯೋ ಕಾಲಕ್ಕೆ ಗುಡ್ಡಗುಡ್ಡವೆಲ್ಲ ಅದೇ.

ಮದುವೆಯಾಗಿ ಕೆಲವು ವರ್ಷ ಕಳೆದರೂ ಅತ್ತಿಗೆಗೆ ಮಗುವಾಗಲಿಲ್ಲ. ಹರವೆಯಲ್ಲಿ ಅವ್ವನ ದೂರದ ಸಂಬಂಧದ ಒಂದು ಹೆಣ್ಣಿತ್ತು. ಅವ್ವ ಹೋಗಿ ನೋಡಿಕೊಂಡು ಬಂದಳು, ತಲೆಗೆ ಹೂವನ್ನೂ ಮುಡಿಸಿ ಬಂದಳು. ಬಂದವಳು ನಡುಮನೆಯಲ್ಲಿ ಎಲ್ಲರಿಗೂ ಕೇಳೋ ಹಾಗೆ ಹುಡುಗಿಯ ಬಣ್ಣ, ಕೂದಲು, ಮುದ್ದೆ ತಿರುವುವ ಕೈ ಎಲ್ಲ ಹೇಳಿದಳು. ಅತ್ತಿಗೆ ಒಲೆ ಮುಂದೆ ಕೂತು ಉರಿ ಮಾಡುತ್ತಿದ್ದಳು. ಇನ್ನು ಇವಳದೊಂದು ತಪ್ಪು ಸಿಕ್ಕಬೇಕು, ಭೀಮನಬೀಡಿಗೆ ಗಾಡಿ ಕಟ್ಟಬೇಕು, ಅಷ್ಟೇ ಬಾಕಿ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಅವಳ ಅಪ್ಪ ಸತ್ತು ಅಣ್ಣತಮ್ಮಂದಿರ ಕೈಗೆ ಸೇರಿದ ತವರು ಅದು. ತಿರುಗಿ ಹೋದರೆ ಕೊಟ್ಟಿಗೆಯಲ್ಲೂ ಜಾಗ ಸಿಗುತ್ತಿರಲಿಲ್ಲ.

ಆ ವರ್ಷವೇ ನಮ್ಮ ಹಗೇವು ಕೆಟ್ಟದ್ದು.

ಹಗೇವು ಅಂದರೆ ಮನೆ ಮುಂದಿನ ನೆಲದೊಳಗೆ ತೋಡಿದ ಕಣಜ. ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಒಂದು ಹುಳ ಬೀಳುವುದಿಲ್ಲ. ಯಾರ ಮನೆ ಹಗೇವಿನಲ್ಲಿ ಎಷ್ಟಿದೆ ಅನ್ನೋದರ ಮೇಲೆ ಊರಿನಲ್ಲಿ ಮಾತಿಗೆ ತೂಕ. ಮಳೆಗಾಲ ಕಳೆದು ನಮ್ಮ ಹಗೇವಿನ ಬಾಯಿ ತೆಗೆದಾಗ ಹುಳಿ ವಾಸನೆ ಬಂತು. ಗಾಳಿಯಾಡಲಿ ಅಂತ ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ನಾನೇ ಇಳಿದೆ. ಎಲ್ಲಿಂದಲೋ ನೀರು ಜಿನುಗಿ ಒಳಗಿನ ರಾಗಿಯೆಲ್ಲ ಕಪ್ಪಾಗಿ ಹೆಪ್ಪುಗಟ್ಟಿತ್ತು. ಕೈ ಹಾಕಿದರೆ ಸಗಣಿಯ ಹಾಗೆ ಬಂತು. ಮೇಲೆ ನಿಂತಿದ್ದ ಅಪ್ಪನಿಗೆ ಹಿಡಿ ಎತ್ತಿ ತೋರಿಸಿದೆ. ಅಪ್ಪ ಬಗ್ಗಿ ನೋಡಿ, ಬೀದಿಯ ಆಚೆ ಈಚೆ ಕಣ್ಣಾಡಿಸಿ, ಕಲ್ಲು ಮುಚ್ಚು ಅಂದ.

ನಮ್ಮ ಮನೆಯವರು ಸಂತೆಯಲ್ಲಿ ರಾಗಿ ಕೊಂಡದ್ದನ್ನು ಊರು ಕಂಡಿರಲಿಲ್ಲ. ಆಳುಗಳಿಗೆ ಅಳೆದು ಕೊಡೋ ಮನೆ ಅದು. ಆ ವರ್ಷ ಎಲ್ಲ ಕಡೆಯೂ ರಾಗಿಗೆ ಅಭಾವ ಬೇರೆ. ಸರ್ಕಾರದ ಅಂಗಡಿಯ ಸಾಲಿನಲ್ಲಿ ನಿಲ್ಲುವುದಕ್ಕಿಂತ ಅಪ್ಪ ಉಪವಾಸ ಸಾಯೋನು. ಅವನೇ ಯೋಚನೆ ಮಾಡಿ ನನ್ನನ್ನು ಕರೆದ. ಹುರುಳಿ ಇದೆಯಲ್ಲ, ಅದನ್ನು ಬತ್ತೇರಿಗೆ ಹಾಕು, ಬರುವಾಗ ಮರಗೆಣಸು ಹೇರಿಕೊಂಡು ಬಾ, ದನಕ್ಕೆ ಅಂತ ಹೇಳೋಣ ಅಂದ. ರಾಗಿ ಮೂಟೆ ಇಳಿದರೆ ಊರು ಎಣಿಸುತ್ತದೆ, ದನದ ಮೇವನ್ನು ಯಾರು ಎಣಿಸುತ್ತಾರೆ ಅಂತ ಅವನ ಲೆಕ್ಕ. ಇದ್ದಬದ್ದ ರಾಗಿ ಹಿಟ್ಟಿಗೆ ಗೆಣಸು ಬೆರೆಸಿ ಮುಂದಿನ ಸುಗ್ಗಿ ಮುಟ್ಟಬೇಕು.

ಗೆಣಸು ಬಂದ ದಿವಸ ಅವ್ವ ಅತ್ತಿಗೆಯ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಹಗೇವಿಗೆ ನೀರು ಬಿಟ್ಟವಳೇ ಇವಳು ಅನ್ನೋ ಹಾಗಿತ್ತು. ‘ಬಂತಲ್ಲ ನಿನ್ನ ತವರಿನ ಉಡುಗೊರೆ. ಸುಲಿ ಕೂತ್ಕೊಂಡು,’ ಅಂದಳು.

ಅತ್ತಿಗೆ ಸುಲಿದಳು, ಹೆಚ್ಚಿದಳು, ಬೇಯಿಸಿದಳು. ಬೆಂದ ಮೇಲೆ ಗಡಿಗೆಯನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ನೀರನ್ನು ಬಗ್ಗಿಸಿಬಿಟ್ಟಳು. ಆ ಕಡೆ ಜನ ಮರಗೆಣಸು ಬೇಯಿಸಿದ ನೀರನ್ನು ಇಟ್ಟುಕೊಳ್ಳುವುದಿಲ್ಲ. ಚೆಲ್ಲಿ, ಮತ್ತೆ ಹೊಸ ನೀರು ಹಾಕಿ, ಅದನ್ನೂ ಚೆಲ್ಲುತ್ತಾರೆ. ಗೆಣಸು ಕೊಟ್ಟ ವಯನಾಡಿನ ರೈತ ನನಗೂ ಅರ್ಧ ತಮಿಳು ಅರ್ಧ ಮಲಯಾಳದಲ್ಲಿ, ಕೈಸನ್ನೆ ಮಾಡಿ, ನೀರು ಬಿಸಾಕು ಬಿಸಾಕು ಅಂತ ಹೇಳಿದ್ದ. ನಾನು ಮನೆಯಲ್ಲಿ ಹೇಳಿಯೂ ಇದ್ದೆ.

ಆದರೆ ನಮ್ಮ ಕಡೆ ಬೆಂದ ನೀರು ಚೆಲ್ಲುವುದು ಅನ್ನೋದು ಇಲ್ಲವೇ ಇಲ್ಲ. ಸೊಪ್ಪೋ ಕಾಳೋ ಬೇಯಿಸಿ, ನೀರು ಬಸಿದು, ಬೆಂದದ್ದನ್ನು ಪಲ್ಯ ಮಾಡಿ, ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಅದೇ ಬಸ್ಸಾರು. ಮುದ್ದೆಗೆ ಅದಿಲ್ಲದೆ ಇನ್ನೇನು? ಸಾರಿಗೆ ಬಳಸಿ ಮಿಕ್ಕ ನೀರು, ಅಕ್ಕಿ ತೊಳೆದದ್ದು, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿನ ಹೊಟ್ಟೆಗೆ. ಅವ್ವನ ಬಸ್ಸಾರು ಉಣ್ಣಬೇಕು ಅಂತಲೇ ಚಾಮರಾಜನಗರದಿಂದ ನೆಂಟರು ಬರುತ್ತಿದ್ದರು. ಬಚ್ಚಲಿನಲ್ಲಿ ಆವಿ ಏಳುತ್ತಿದ್ದ ನೀರು ಕಂಡು ಅವ್ವ ಬಂದವಳೇ ಕೈಯಲ್ಲಿದ್ದ ಹಿತ್ತಾಳೆ ಸೌಟಿನಲ್ಲಿ ಅತ್ತಿಗೆಯ ಮುಂಗೈಗೆ ಹೊಡೆದಳು. ಬಿಸಿ ಸೌಟು. ಚರ್ಮ ಎದ್ದು ಬಂತು.

ಇದು ಕೈಪು ಗೆಣಸಾದ್ರೆ ನೀರು ಉಣ್ಣಬಾರದು ಕಣತ್ತೆ, ಅಂತ ಏನೋ ಹೇಳಲು ಹೋದಳು ಅತ್ತಿಗೆ.

‘ಬೇಯ್ಸಿದ ನೀರು ಚೆಲ್ಲೋದು ನಿಮ್ಮಪ್ಪನ ಮನೆ. ನನಗೆ ಅಡಿಗೆ ಹೇಳ್ಕೊಡಾಕೆ ಬಂದ್ಯಾ? ಇನ್ಮೇಲೆ ಈ ಒಲೆ ಮುಂದೆ ಬಾಯಿ ಬುಡಬ್ಯಾಡ. ಬುಟ್ಟೆ ಅಂದ್ರೆ ಅವತ್ತೇ ಗಾಡಿ ಕಟ್ಟಿಸ್ತೀನಿ.’

ಮಾರನೇ ದಿವಸ ಅವ್ವ ತಾನೇ ಗೆಣಸು ಬೇಯಿಸಿ, ನೀರು ಬಸಿದು, ಆ ನೀರಿನಲ್ಲಿ ಬಸ್ಸಾರು ಮಾಡಿದಳು. ಎಲ್ಲರೂ ಉಂಡೆವು. ಅತ್ತಿಗೆಗೂ ಎದುರು ಕೂರಿಸಿಕೊಂಡು ಉಣ್ಣಿಸಿದಳು. ಸಿಪ್ಪೆ ಮತ್ತು ಮಿಕ್ಕ ನೀರು ಹಸು ಕುಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆ ಸಲ ನಾನು ತಂದದ್ದು ಸಿಹಿ ಜಾತಿಯದು, ಹಸಿಯಾಗಿ ತಿಂದರೂ ನಡೆಯುವಂಥದ್ದು. ಅವ್ವ ಎಲ್ಲರ ತಟ್ಟೆ ನೋಡಿಕೊಂಡು ಬಂದು, ‘ಯಾರ್ಯಾರು ಸತ್ರಿ ಕೈ ಎತ್ತಿ,’ ಅಂದಳು. ಅಣ್ಣ ತುತ್ತು ನೆತ್ತಿಗೇರುವಷ್ಟು ನಕ್ಕ.

ಅತ್ತಿಗೆ ಅವತ್ತಿನಿಂದ ಒಲೆ ಮುಂದೆ ಬಾಯಿ ಬಿಡಲಿಲ್ಲ. ಬಿಡಲಿಲ್ಲ ಅಂದರೆ ಪೂರ್ತಿ ಬಿಡಲಿಲ್ಲ. ಉಪ್ಪು ಹಾಕಿದೆಯಾ ಅಂದರೆ ಉತ್ತರವಿಲ್ಲ. ಹಾಲು ಉಕ್ಕಿ ಒಲೆಗೆ ಬೀಳುತ್ತಿದ್ದರೆ ನೋಡಿಕೊಂಡು ಕೂತಿರೋಳು. ಅವ್ವ ಒಂದು ಸಲ ಉಪ್ಪನ್ನು ಎರಡು ಸಾರಿ ಹಾಕಿದಳು, ಅತ್ತಿಗೆ ನೋಡುತ್ತಲೇ ಇದ್ದಳು. ಅವ್ವ ಬೈದಳು, ಜಡೆ ಹಿಡಿದು ಜಗ್ಗಿದಳು. ನೀನೇ ಅಲ್ಲವಾ ಬಾಯಿ ಬಿಡಬೇಡ ಅಂದದ್ದು ಅಂತ ಅಪ್ಪ ಒಂದು ಸಲ ನಗಾಡಿದ. ಹೊಸಲು ದಾಟಿ ಪಡಸಾಲೆಗೆ ಬಂದರೆ ಅತ್ತಿಗೆ ಮಾತಾಡುತ್ತಿದ್ದಳು. ಒಲೆ ಮುಂದೆ ಮಾತ್ರ ಮೂಗಿ.

ಸುಗ್ಗಿಗೆ ಇನ್ನೂ ದಿನವಿರುವಾಗಲೇ ಗೆಣಸು ಮುಗಿಯಿತು. ನಾನು ಮತ್ತೆ ಗಾಡಿ ಕಟ್ಟಿದೆ. ಈ ಸಲ ಆ ರೈತನ ಹತ್ತಿರ ಸಿಹಿ ಗೆಣಸಿರಲಿಲ್ಲ. ಕೈಪು ಜಾತಿಯದೇ ಇತ್ತು. ಅವನು ನಾಲಿಗೆ ಹೊರಗೆ ಹಾಕಿ, ಮುಖ ಸಿಂಡರಿಸಿ, ನೀರು ಬಿಸಾಕು ಅಂತ ಮೂರ್ನಾಲ್ಕು ಸಲ ಹೇಳಿದ. ಸಿಪ್ಪೆಯ ಮಾತು ಅವನೂ ಆಡಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿನವರು ಸಿಪ್ಪೆಯನ್ನು ದನದ ಬಾಯಿಗೆ ಸಿಗದ ಹಾಗೆ ಗುಂಡಿ ತೋಡಿ ಹೂಳುತ್ತಾರೆ ಅಂತ ನನಗೆ ತಿಳಿದದ್ದು ಆಮೇಲೆ. ಮನೆಗೆ ಬಂದು ಮೂಟೆ ಇಳಿಸಿ, ಇದು ಕೈಪು ಗೆಣಸು, ಎರಡು ಸಲ ಬೇಯಿಸಿ ನೀರು ಚೆಲ್ಲಬೇಕಂತೆ ಅಂತ ನಡುಮನೆಯಲ್ಲಿ ನಿಂತು ಹೇಳಿದೆ. ಗಂಡಸು ಒಲೆಯ ಹತ್ತಿರ ಹೋಗಿ ಹೇಳಲಾಗುವುದಿಲ್ಲ. ಹೋದ ಸಲವೂ ಇದೇ ರಾಗ ಹಾಡಿದ್ದೆ, ಹೋಗಿ ಮುಖ ತೊಳ್ಕೊ ಅಂದಳು ಅವ್ವ.

ಮಾರನೇ ಬೆಳಿಗ್ಗೆ ನಾನು ಹಟ್ಟಿಯಲ್ಲಿ ಗಾಡಿಯ ಅಚ್ಚಿಗೆ ಎಣ್ಣೆ ಬಿಡುತ್ತಿದ್ದೆ. ಕೊಟ್ಟಿಗೆ ಮುಂದೆ ಅವ್ವನ ಹಸು ಕಟ್ಟಿತ್ತು. ಕರಿ ಕಿವಿಯ ಬಿಳಿ ಹಸು. ಅವ್ವನ ತವರಿನಿಂದ ಮದುವೆಯಲ್ಲಿ ಬಳುವಳಿಯಾಗಿ ಬಂದ ಹಸುವಿನ ಸಂತಾನ. ಅದಕ್ಕೆ ಕಲಗಚ್ಚು ಹಾಕದೆ ಅವ್ವ ತಾನು ಬಾಯಿಗೆ ನೀರು ಹಾಕಿಕೊಂಡವಳಲ್ಲ. ಮಕ್ಕಳನ್ನು ಮುದ್ದು ಮಾಡಿದ್ದನ್ನು ನಾನು ಕಾಣೆ. ಆ ಹಸುವಿನ ಕೊರಳ ಕೆಳಗಿನ ಗಂಗೆದೊಗಲು ಸವರುತ್ತಾ ಅದರ ಜೊತೆ ಮಾತಾಡೋಳು.

ಅವ್ವ ಬಸಿದ ನೀರನ್ನು ಅರ್ಧ ಸಾರಿನ ಗಡಿಗೆಗೆ ಹುಯ್ದುಕೊಂಡು ಒಲೆಯ ಪಕ್ಕ ಇಟ್ಟು, ಮಿಕ್ಕದ್ದನ್ನು ತಂದು ಬಾನಿಗೆ ಸುರಿದಳು. ಮೇಲೆ ತೌಡು ಎರಚಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಸಿಪ್ಪೆ ತಾ ಅಂತ ಕೂಗಿದಳು. ಸಿಪ್ಪೆಯನ್ನು ತಿಪ್ಪೆಗೆ ಹಾಕುವ ಹಾಗಿರಲಿಲ್ಲ. ಹಾಕಿದರೆ ಗೆಡ್ಡೆ ತಿಂದವರು ಯಾರು ಅಂತ ಊರು ಕೇಳುತ್ತಿತ್ತು. ಅತ್ತಿಗೆ ಹಸಿ ಸಿಪ್ಪೆ ತುಂಬಿದ ಮೊರ ಎತ್ತಿಕೊಂಡು ಬಂದು ಬಾನಿಯ ಮುಂದೆ ನಿಂತಳು. ನಿಂತಳು ಅಂದರೆ ನಿಂತೇ ಇದ್ದಳು. ಅವ್ವನ ಮುಖ ನೋಡಿದಳು.

‘ಏನು?’ ಅಂದಳು ಅವ್ವ. ‘ಏನ್ ಹಂಗ್ ನೋಡೀಯೆ, ಹಾಕು.’

ಅತ್ತಿಗೆ ಮೊರ ಬಗ್ಗಿಸಿದಳು. ಹಸು ತಲೆ ಹಾಕಿತು. ಅತ್ತಿಗೆ ಖಾಲಿ ಮೊರವನ್ನು ಎರಡು ಸಲ ತಟ್ಟಿ, ಒಂದು ಚೂರು ಸಿಪ್ಪೆಯೂ ಅಂಟಿರದ ಹಾಗೆ ಉದುರಿಸಿ, ಒಳಗೆ ಹೋದಳು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಚ್ಚಿಗೆ ಎಣ್ಣೆ ಬಿಟ್ಟು ಗಾಲಿ ಏರಿಸಿ ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಹಸು ಕಾಲು ಅಗಲಿಸಿ ನಿಂತಿತು. ಉಸಿರು ಕಿತ್ತು ಕಿತ್ತು ಎಳೆಯುತ್ತಿತ್ತು. ಬಾಯಲ್ಲಿ ನೊರೆ. ಹಿಂಗಾಲು ಕುಸಿದು ಕೂತು, ಏಳಲು ಹೋಗಿ, ಪಕ್ಕಕ್ಕೆ ಬಿತ್ತು. ಅವ್ವ ಓಡಿಬಂದು ಅದರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಳು. ಬಾಯಿ ಬಿಡಿಸಿ ಮಜ್ಜಿಗೆ ಹುಯ್ದೆವು, ಹುಣಸೆಹುಳಿ ಹುಯ್ದೆವು. ಎಲ್ಲ ಪಕ್ಕದಿಂದ ಹರಿದುಹೋಯಿತು. ಕಾಲನ್ನು ನೆಲಕ್ಕೆ ಬಡಿಯಿತು, ಕಣ್ಣು ಮೇಲಕ್ಕೆ ಸಿಕ್ಕಿಸಿತು, ಸತ್ತಿತು. ಅವ್ವ ಮೊದಮೊದಲು ಅಳಲಿಲ್ಲ. ಅದರ ಕಿವಿಯನ್ನು ಸುಮ್ಮನೆ ಹಿಂದಕ್ಕೂ ಮುಂದಕ್ಕೂ ಸವರುತ್ತಿದ್ದಳು.

ಹಟ್ಟಿಯ ತುಂಬ ಜನ. ಎದುರು ಮನೆಯವನು ಅಪ್ಪನ ವಯಸ್ಸಿನವನು, ಬಹಳ ವರ್ಷದಿಂದ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತು ಅಭ್ಯಾಸ ಆದವನು. ಅವನು ಬಾನಿಯೊಳಗೆ ಕೈ ಹಾಕಿ ಒಂದು ಸಿಪ್ಪೆ ಎತ್ತಿ ಮೂಸಿ ನೋಡಿದ. ಆಮೇಲೆ ಮತ್ತೆ ಕೈ ಹಾಕಿ ತಳದವರೆಗೂ ತಡಕಿದ.

‘ದನಕ್ಕೆ ಅಂತ ತಂದ ಗೆಣಸಲ್ವಾ ಯಜಮಾನ್ರೆ,’ ಅಂದ. ‘ಬರೀ ಸಿಪ್ಪೆ ಅದ. ಗೆಡ್ಡೆ ಯಾವ ದನ ತಿಂತು?’

ಯಾರೂ ಜೋರಾಗಿ ನಗಲಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಅಪ್ಪನ ಮುಖ ಆಗ ಇದ್ದ ಹಾಗೆ ನಾನು ಮತ್ತೆ ಯಾವತ್ತೂ ನೋಡಲಿಲ್ಲ, ಅವನ ಹೆಣದ ಮೇಲೂ ನೋಡಲಿಲ್ಲ.

ಜನ ಹೋದ ಮೇಲೆ ಬಾಗಿಲು ಹಾಕಿಕೊಂಡೆವು. ಆಗ ಅವ್ವ ಅಳಲು ಶುರುಮಾಡಿದಳು. ಅಳುತ್ತಲೇ ಹೇಳಿದ್ದು ಒಂದೇ ಮಾತು. ಸಿಪ್ಪೆ ಹಾಕಿದೋಳು ಇವಳು, ಬೇಕು ಅಂತ ಹಾಕವ್ಳೆ, ಈಗಲೇ ಗಾಡಿ ಕಟ್ಟಿ ಇವಳನ್ನ ಅವರಣ್ಣನ ಬಾಗಿಲಿಗೆ ಎಸೆದು ಬನ್ನಿ. ಅಣ್ಣ ಎದ್ದ. ಒಳಗೆ ಹೋಗಿ ಅತ್ತಿಗೆಯ ತಗಡಿನ ಪೆಟ್ಟಿಗೆ ಎತ್ತಿಕೊಂಡು ಬಂದು ಜಗಲಿ ಮೇಲೆ ಇಟ್ಟ. ಅದೇ ಅವನ ಉತ್ತರ. ಅಪ್ಪ ನನ್ನ ಕಡೆ ನೋಡಿ ಹೂಂ ಅನ್ನೋ ಹಾಗೆ ತಲೆ ಆಡಿಸಿದ. ನಾನು ಎತ್ತುಗಳನ್ನು ನೊಗಕ್ಕೆ ಹೂಡಿ ಒಳಗೆ ಬಂದೆ. ಹೊತ್ತು ಇನ್ನೂ ನೆತ್ತಿಯಿಂದ ವಾಲಿರಲಿಲ್ಲ. ಹೊರಟರೆ ಗುಂಡ್ಲುಪೇಟೆ ದಾರಿಯಲ್ಲಿ ಎಲ್ಲಾದರೂ ಎತ್ತು ಬಿಚ್ಚಿ ತಂಗಿ ಮಾರನೇ ದಿನ ಮುಟ್ಟಿಸಬಹುದಿತ್ತು.

ಅತ್ತಿಗೆ ಪಡಸಾಲೆಯ ಕಂಬದ ಪಕ್ಕ ನಿಂತಿದ್ದಳು. ಮುಂಗೈಯ ಮೇಲೆ ಸೌಟಿನ ಗಾಯ ಒಣಗಿ ಕಪ್ಪಾಗಿತ್ತು. ಅವಳು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಬೀಳುತ್ತಾಳೆ ಅಂತ ನಾವೆಲ್ಲ ಕಾದಿದ್ದೆವು.

ಅಪ್ಪ ಕೇಳಿದ. ‘ಸಿಪ್ಪೆ ತಿಂದ್ರೆ ಹಸು ಸಾಯ್ತದೆ ಅಂತ ಗೊತ್ತಿತ್ತಾ ನಿನಗೆ?’

‘ಗೊತ್ತಿತ್ತು.’

‘ಗೊತ್ತಿದ್ದೂ ಹಾಕ್ದ್ಯಾ?’

‘ಅತ್ತೆ ಹಾಕು ಅಂದ್ರು, ಹಾಕ್ದೆ. ಬಾಯಿ ಬುಟ್ರೆ ಗಾಡಿ ಕಟ್ಟಿಸ್ತೀನಿ ಅಂದಿದ್ರು. ಬುಡ್ಲಿಲ್ಲ. ಈಗ್ಲೂ ಗಾಡಿ ಕಟ್ಟೀರಿ.’

ಅವ್ವ ಎದ್ದು ಬಂದು ಅವಳ ಕೆನ್ನೆಗೆ ಹೊಡೆದಳು. ಅತ್ತಿಗೆ ಅಲ್ಲಾಡಲಿಲ್ಲ. ಅಪ್ಪನ ಕಡೆಯೇ ನೋಡುತ್ತಾ ಹೇಳಿದಳು, ‘ಮಾವ, ಇವತ್ತು ಸಾರು ಇಲ್ಲ. ಹಸೂಗೆ ಹಾಕಿದ ನೀರನ್ನೇ ಅತ್ತೆ ಸಾರಿಗೂ ಎತ್ತಿಟ್ಟಿದ್ರು. ಅದನ್ನ ಚೆಲ್ಲಿವ್ನಿ. ಗಡಿಗೆ ಹಿತ್ತಲಲ್ಲಿ ಕವುಚಿವ್ನಿ.’

ಅಪ್ಪ ಎದ್ದು ಹಿತ್ತಲಿಗೆ ಹೋದ. ನಾನೂ ಹಿಂದೆ ಹೋದೆ. ಸಾರಿನ ಗಡಿಗೆ ಬೋರಲು ಬಿದ್ದಿತ್ತು, ಕೆಳಗಿನ ಮಣ್ಣು ಒದ್ದೆಯಾಗಿ ಒಣಗುತ್ತಾ ಬಂದಿತ್ತು. ಅಪ್ಪ ಅದನ್ನು ಕಾಲಿನಲ್ಲಿ ಹೊರಳಿಸಿ ನೋಡಿ ವಾಪಸು ಬಂದು ಕೂತ. ಆಮೇಲೆ ಕೇಳಿದ.

‘ಯಾವಾಗ ಚೆಲ್ದೆ?’

‘ಹಸು ಬಾನಿಗೆ ಬಾಯಿ ಇಡೋವಾಗ.’

ಹೊರಗೆ ನನ್ನ ಎತ್ತು ಕೊರಳು ಕೊಡವಿ ಗೆಜ್ಜೆಯ ಶಬ್ದ ಮಾಡಿತು. ಹಸು ಬಿದ್ದ ಮೇಲೆ ಹೆದರಿ ಚೆಲ್ಲಿದ್ದಲ್ಲ. ಬೀಳುವುದಕ್ಕೆ ಮುಂಚೆಯೇ, ಮೊರ ತಟ್ಟಿ ಒಳಗೆ ಹೋದವಳು ನೇರ ಸಾರಿನ ಗಡಿಗೆಗೆ ಕೈ ಹಾಕಿದ್ದಳು. ಹೊರಗಿನದಕ್ಕೆ ಒಂದು ತೀರ್ಮಾನ, ಒಳಗಿನದಕ್ಕೆ ಇನ್ನೊಂದು. ಅಪ್ಪ ಅವಳನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದ. ಹೊಸ ಎತ್ತು ಕೊಳ್ಳುವಾಗ ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ಅವ್ವನ ಕಡೆ ತಿರುಗಿದ.

‘ಹಸೂಗೆ ಹಾಕಿದ ವಿಷಾನೇ ನಮಗೂ ಬಡಿಸಾಕೆ ಇಟ್ಟಿದ್ಯಾ?’

ಅವ್ವ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

‘ಗಾಡಿ ಬಿಚ್ಲಾ,’ ಅಂದ ಅಪ್ಪ ನನಗೆ. ಆಮೇಲೆ ಯಾರ ಮುಖವನ್ನೂ ನೋಡದೆ, ‘ಇನ್ಮೇಲೆ ಒಲೆ ಅವಳ್ದು. ನೀನು ಅಡಿಗೆ ಮನೆ ಹೊಸಲು ತುಳಿಬ್ಯಾಡ,’ ಅಂದ.

ಅಪ್ಪನಿಗೆ ಅತ್ತಿಗೆಯ ಮೇಲೆ ಕನಿಕರ ಬಂತು ಅಂತ ಊರಲ್ಲಿ ಹೇಳಿದರು. ಕನಿಕರವಲ್ಲ. ಊರ ಮುಂದೆ ತನ್ನ ಮಾನ ಹೋದದ್ದಕ್ಕೆ ಯಾರಿಗಾದರೂ ಶಿಕ್ಷೆಯಾಗಬೇಕಿತ್ತು. ಅತ್ತಿಗೆಯನ್ನು ಕಳಿಸಿದರೆ ಗುಂಡ್ಲುಪೇಟೆಯವರೆಗೂ ಸುದ್ದಿ ಹೋಗುತ್ತದೆ, ಅವ್ವನನ್ನು ಮೂಲೆಗೆ ಕೂರಿಸಿದರೆ ಮನೆಯೊಳಗೇ ಇರುತ್ತದೆ. ಅವನು ಯಾವಾಗಲೂ ಹಾಗೇ, ಖರ್ಚು ಕಡಿಮೆಯಾದದ್ದನ್ನು ಆರಿಸೋನು. ಅಣ್ಣ ಪೆಟ್ಟಿಗೆಯನ್ನು ಮತ್ತೆ ಒಳಗೆ ಎತ್ತಿಟ್ಟ. ಹರವೆಯ ಹೆಣ್ಣನ್ನು ಆ ಸುಗ್ಗಿ ಕಳೆದ ಮೇಲೆ ಬೇರೆ ಕಡೆಗೆ ಕೊಟ್ಟರು. ಹಸುವನ್ನು ತೋಟದ ಬೇಲಿಯ ಪಕ್ಕ ನಾನು, ಇಬ್ಬರು ಆಳುಗಳು ಸೇರಿ ಹೂತೆವು. ಅವ್ವ ಅಲ್ಲಿಗೆ ಬರಲಿಲ್ಲ.

ಅವತ್ತು ಸಂಜೆ ಅತ್ತಿಗೆ ಇದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ, ಅವರೆಕಾಳಿನ ಸಾರು ಮಾಡಿ ಎಲ್ಲರಿಗೂ ಬಡಿಸಿದಳು. ಅವ್ವನ ಗಂಗಾಳವನ್ನೂ ಮುಂದೆ ಇಟ್ಟಳು. ಅವ್ವ ಮುಟ್ಟಲಿಲ್ಲ. ನೀನು ಮೊದಲು ತಿನ್ನು ಅನ್ನೋ ಹಾಗೆ ಗಂಗಾಳವನ್ನು ಅವಳ ಕಡೆಗೆ ತಳ್ಳಿದಳು. ಅತ್ತಿಗೆ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವ್ವನ ಮುದ್ದೆಯಿಂದಲೇ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು, ನುಂಗಿದಳು. ಅವ್ವ ಅವಳ ಗಂಟಲನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತು ಕಾದು ಆಮೇಲೆ ಉಂಡಳು.

ಅದು ಅವತ್ತಿಗೆ ನಿಲ್ಲಲಿಲ್ಲ. ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ. ಸುಗ್ಗಿ ಬಂತು, ಹಗೇವು ಬೇರೆ ತೋಡಿಸಿ ಹೊಸ ರಾಗಿ ತುಂಬಿದೆವು, ಗೆಣಸು ನಮ್ಮ ಮನೆಗೆ ಮತ್ತೆ ಬರಲಿಲ್ಲ. ಅತ್ತಿಗೆಗೆ ಒಂದು ಗಂಡು ಮಗುವೂ ಆಯಿತು. ಆ ಮೊದಲ ತುತ್ತು ಮಾತ್ರ ತಪ್ಪಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಒಬ್ಬಟ್ಟು, ಕಡುಬು ಮಾಡಿದರೆ ಕಡುಬು. ಅತ್ತಿಗೆ ಒಂದು ದಿನವೂ ಒಲ್ಲೆ ಅನ್ನಲಿಲ್ಲ. ಬರಬರುತ್ತಾ ಆ ತುತ್ತನ್ನು ನಿಧಾನವಾಗಿ ಜಗಿಯುವುದು ಕಲಿತಳು. ಅವ್ವನಿಗೆ ಹಸಿವಾಗಿ ಬಾಯಲ್ಲಿ ನೀರೂರುತ್ತಿದ್ದರೂ ಇವಳು ಜಗಿಯುತ್ತಲೇ ಇರೋಳು. ಒಂದೊಂದು ದಿನ ನುಂಗಿ, ಎದೆ ಸವರಿಕೊಂಡು, ಏನೋ ಯೋಚನೆ ಮಾಡುವವಳ ಹಾಗೆ ಸುಮ್ಮನೆ ಕೂರೋಳು. ಅವ್ವ ಗಂಗಾಳವನ್ನು ಮತ್ತೆ ದೂರ ತಳ್ಳೋಳು. ನಾವು ಮೂರು ಜನ ಗಂಡಸರು ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದೆವು. ಅವಳಿಗೊಂದು ಮಾತು, ಇವಳಿಗೊಂದು ಮಾತು ಹೇಳಬಹುದಿತ್ತು. ನಮ್ಮಲ್ಲಿ ಹೆಂಗಸರ ಊಟದ ವಿಷಯಕ್ಕೆ ಗಂಡಸರು ಬಾಯಿ ಹಾಕುವುದಿಲ್ಲ.

ಊರಲ್ಲಿ ಮಾತ್ರ ನೋಡಿದವರೆಲ್ಲ ಎಂಥ ಸೊಸೆ, ಅತ್ತೆಗೆ ರುಚಿ ನೋಡಿ ಬಡಿಸುತ್ತಾಳೆ ಅಂತ ಹೊಗಳಿದರು.

ಕೆಲವು ವರ್ಷದ ಮೇಲೆ ಅವ್ವ ಹಾಸಿಗೆ ಹಿಡಿದಳು. ಮುದ್ದೆ ಇಳಿಯುತ್ತಿರಲಿಲ್ಲ. ರಾಗಿ ಅಂಬಲಿ ಒಂದೇ. ಅತ್ತಿಗೆ ದಿನವೂ ಬಟ್ಟಲು ತಂದು, ಪಕ್ಕದಲ್ಲಿ ಕೂತು, ಒಂದು ಗುಟುಕು ತಾನು ಕುಡಿದು, ಅಂಚನ್ನು ಸೆರಗಿನಿಂದ ಒರೆಸಿ, ಅವ್ವನ ಬಾಯಿಗೆ ಹಿಡಿಯೋಳು. ಮೈ ತೊಳೆಸುವುದು, ಹಾಸಿಗೆ ಬದಲಾಯಿಸುವುದು ಎಲ್ಲ ಅವಳದೇ. ಒಂದಕ್ಕೂ ಮುಖ ಸಿಂಡರಿಸಿದವಳಲ್ಲ.

ಕೊನೆಯ ದಿವಸ ನಾನು ಹೊಲದಿಂದ ಬಂದು ಬಾಗಿಲ ಹತ್ತಿರ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದೆ. ಅವ್ವನ ಹಾಸಿಗೆ ನನಗೆ ಕಾಣುತ್ತಿತ್ತು. ಅತ್ತಿಗೆ ಅಂಬಲಿ ತಂದಳು, ಕೂತಳು, ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡಳು. ತಾನು ಕುಡಿಯಲಿಲ್ಲ.

‘ಇವತ್ತು ನೀವೇ ಮೊದ್ಲು ಕುಡೀರಿ, ಅತ್ತೆ,’ ಅಂದಳು. ಮೆತ್ತಗೆ ಹೇಳಿದಳು, ಮಗುವಿಗೆ ಹೇಳುವ ಹಾಗೆ.

ಅವ್ವ ಅವಳನ್ನೇ ನೋಡಿದಳು. ಬಾಯಿ ಒಣಗಿ ತುಟಿ ಬಿರುಕು ಬಿಟ್ಟಿತ್ತು. ನಾಲಿಗೆ ಒಂದು ಸಲ ಹೊರಗೆ ಬಂದು ತುಟಿ ಸವರಿತು. ಬಟ್ಟಲು ಅಲ್ಲೇ, ಗಲ್ಲದ ಹತ್ತಿರವೇ ಇತ್ತು. ಅವ್ವ ತುಟಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಅತ್ತಿಗೆ ಬಹಳ ಹೊತ್ತು ಹಾಗೇ ಹಿಡಿದು ಕೂತಿದ್ದು, ಬಟ್ಟಲನ್ನು ಹಾಸಿಗೆಯ ಪಕ್ಕ ಇಟ್ಟು, ಒಲೆ ಹೊತ್ತಿಸಲು ಎದ್ದುಹೋದಳು. ದೀಪ ಹಚ್ಚುವ ಮೊದಲು ಅವ್ವನ ಉಸಿರು ನಿಂತಿತ್ತು.

ಮಂದಿ ಸೇರುವುದಕ್ಕೆ ಮುಂಚೆ ನಾನು ಆ ಬಟ್ಟಲು ಎತ್ತಿಕೊಂಡೆ. ಅಂಬಲಿ ಆರಿ ಕೆನೆಗಟ್ಟಿತ್ತು. ನಿಂತಲ್ಲೇ ಅಷ್ಟನ್ನೂ ಕುಡಿದೆ. ಒಳ್ಳೆಯ ರಾಗಿ, ತಾಜಾ ಮಜ್ಜಿಗೆ. ಉಪ್ಪು 
ಹದವಾಗಿತ್ತು.